ಮಣ್ಣಿನಡಿ ಸಿಕ್ಕವರದು ಪಾಪದ ಫಲವೇ?

ಪ್ರಶ್ನೆ: 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ನಮ್ಮ ಹಿರಿಯರೊಬ್ಬರು ಇದು ಪಾಪಕ್ಕೆ ಬಂದ ಶಿಕ್ಷೆ ಎಂದರು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿದಾಗಲೂ ಇದೇ ಮಾತು ಕೇಳಿದ್ದೆ. ಇಸ್ಲಾಮಿನ ನಿಲುವು ಇದೇ ಆಗಿದೆಯೇ? ಸಂತ್ರಸ್ತರು ಯಾವ ಧರ್ಮದವರಾದರೂ ಝಕಾತ್ (ಕಡ್ಡಾಯ ದಾನ) ಕೊಡಬಹುದೇ? ಇನ್ನೊಂದು ವಿಷಯ: 2018ರಲ್ಲಿ ನಾನು ಬಳ್ಳಿಯಲ್ಲಿದ್ದ ಎಳೆ ಕರಿಮೆಣಸಿನ ಫಸಲನ್ನು ಜುಲೈನಲ್ಲೇ ಒಬ್ಬರಿಗೆ ಗುತ್ತಿಗೆಗೆ ಕೊಟ್ಟು ಹಣ ಪಡೆದಿದ್ದೆ. ಮರುತಿಂಗಳು ತೋಟದ ಆ ಭಾಗವೇ ಜಾರಿಹೋಯಿತು. ಆ ಹಣ ನನಗೆ ಸಲ್ಲುತ್ತದೆಯೇ?
– ಓದುಗರೊಬ್ಬರು, ಕೊಡಗು

ಉತ್ತರ: ಪ್ರವಾದಿ ಮುಹಮ್ಮದರ (ಸ) ಎಳೆಯ ಮಗ ಇಬ್ರಾಹೀಮ್ ಮದೀನಾದಲ್ಲಿ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೇ ಮಂಕಾದ ಎಂದು ಜನ ಮಾತಾಡಿಕೊಂಡರು. ಸುಮ್ಮನಿದ್ದುಬಿಟ್ಟಿದ್ದರೆ ಆ ಮಾತಿನಿಂದ ಪ್ರವಾದಿಯವರ ಹಿರಿಮೆಯೇ ಹೆಚ್ಚುತ್ತಿತ್ತು. ಆದರೆ ಸೂರ್ಯಚಂದ್ರರು ಅಲ್ಲಾಹನ ಎರಡು ದೃಷ್ಟಾಂತಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ಸ್ಪಷ್ಟವಾಗಿ ತಿದ್ದಿದರು. ಸ್ವಂತ ಮಗನ ವಿಷಯದಲ್ಲೇ ಪ್ರಕೃತಿಯ ಘಟನೆಗೆ ಹೀಗೆ ಅರ್ಥ ಹಚ್ಚಲು ಅವರು ಒಪ್ಪದಿರುವಾಗ, ಅಪರಿಚಿತರ ಸಾವಿಗೆ ಕಾರಣ ಹೇಳುವ ಧೈರ್ಯ ನಮಗೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ, ಹುತಾತ್ಮರ ದರ್ಜೆಯವರನ್ನು ಎಣಿಸುವ ಪ್ರಸಿದ್ಧ ಹದೀಸಿನಲ್ಲಿ (ಪ್ರವಾದಿ ವಚನದಲ್ಲಿ) ನೀರಲ್ಲಿ ಮುಳುಗಿ ಸತ್ತವರೂ ಕುಸಿತದಡಿ ಸಿಲುಕಿ ಸತ್ತವರೂ ಸೇರಿದ್ದಾರೆ. ಪ್ರವಾದಿಯವರು ಶಹೀದರೆಂದು ಎಣಿಸಿದವರನ್ನು ನಾವು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸುವುದು ನನ್ನ ದೃಷ್ಟಿಯಲ್ಲಿ ಅಹಂಕಾರವೇ ಸರಿ.

ನಿಮ್ಮ ಹಿರಿಯರ ಮನಸ್ಸಿನಲ್ಲಿದ್ದದ್ದು ಬಹುಶಃ ಕುರ್‌ಆನಿನ ಮೂವತ್ತನೆಯ ಅಧ್ಯಾಯದ 41ನೇ ವಚನ: ಜನರ ಕೈಗಳ ಗಳಿಕೆಯಿಂದಾಗಿ ನೆಲದಲ್ಲೂ ಕಡಲಲ್ಲೂ ಕೆಡುಕು ಕಾಣಿಸಿಕೊಂಡಿದೆ. ವಚನ ಇರುವುದು ನಿಜ, ಆದರೆ ಕೆಡಿಸಿದ ಕೈಯೇ ಮಣ್ಣಿನಡಿ ಹೂತುಹೋಗುತ್ತದೆ ಎಂದು ಅದು ಹೇಳುವುದಿಲ್ಲ. ಪಶ್ಚಿಮಘಟ್ಟದ ಪರಿಸರ ಕುರಿತ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲೇ ಮುಂಡಕ್ಕೈ, ಚೂರಲ್‌ಮಲಗಳಿರುವ ವೈತ್ತಿರಿ ತಾಲ್ಲೂಕನ್ನು ಪರಿಸರದ ಅತಿಸೂಕ್ಷ್ಮ ವಲಯದಲ್ಲಿ ಸೇರಿಸಿತ್ತು. ಆ ವರದಿಯನ್ನು ಬದಿಗಿಡುವ ತೀರ್ಮಾನ ತೋಟದ ಲೈನ್‌ಮನೆಯಲ್ಲಿ ಮಲಗಿದ್ದ ಕೂಲಿಯವರದಾಗಿರಲಿಲ್ಲ. ಆದ್ದರಿಂದ ಈ ವಚನವನ್ನು ಸತ್ತವರ ಮೇಲೆ ಹೊರಿಸದೆ, ಇಳಿಜಾರನ್ನು ಜೆಸಿಬಿಯಿಂದ ನೆಟ್ಟಗೆ ಕಡಿಸಿದವರು, ಅದಕ್ಕೆ ಅನುಮತಿ ಕೊಟ್ಟವರು ಮತ್ತು ಅಲ್ಲಿ ಕಟ್ಟಿದ ಹೋಂಸ್ಟೇಯಲ್ಲಿ ಮಳೆ ನೋಡಲು ಹೋದ ನಾವೆಲ್ಲ ಓದಿಕೊಳ್ಳಬೇಕು.

ಎಲ್ಲವೂ ವಿಧಿಯೆಂದಾದರೆ ಎಚ್ಚರಿಕೆ ಏಕೆ ಎಂದು ಕೆಲವರು ಕೇಳುತ್ತಾರೆ. ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ದಾರಿಯಲ್ಲೇ ಹಿಂದಿರುಗಲು ನಿರ್ಧರಿಸಿದ ಖಲೀಫಾ ಉಮರ್ ಅವರನ್ನು, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಪ್ರವಾದಿಯವರ ಸಂಗಾತಿ ಅಬೂ ಉಬೈದಾ ಕೇಳಿದರು. ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯೆಡೆಗೇ ಎಂದರು ಉಮರ್. ರೆಡ್ ಅಲರ್ಟ್ ಬಂದಾಗ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋಗುವವರ ನಂಬಿಕೆಗೆ ಯಾವ ಕೊರತೆಯೂ ಇಲ್ಲ.

ಝಕಾತ್ ಕುರಿತು: ಬಹುಪಾಲು ಫಿಕ್ಹ್ (ಇಸ್ಲಾಮೀ ಧರ್ಮಶಾಸ್ತ್ರ) ವಿದ್ವಾಂಸರ ಪ್ರಕಾರ ಝಕಾತ್ ಮುಸ್ಲಿಮ್ ಹಕ್ಕುದಾರರಿಗೆ ಸಲ್ಲುತ್ತದೆ, ಸದಕಾ (ಸ್ವಯಂಪ್ರೇರಿತ ದಾನ) ಯಾರಿಗಾದರೂ ಸಲ್ಲುತ್ತದೆ. ಪರಿಹಾರ ಕೇಂದ್ರದಲ್ಲಿ ಧರ್ಮ ಕೇಳುವುದು ನಾಚಿಕೆಗೇಡು. ಹಾಗಾಗಿ ಅಲ್ಲಿಗೆ ಸದಕಾದ ಹಣವನ್ನು ಧಾರಾಳವಾಗಿ ಕೊಡಿ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಸೇರಿದ್ದು, ನೆರೆ ಅಥವಾ ಬೆಂಕಿಯಿಂದ ಆಸ್ತಿ ಕಳೆದುಕೊಂಡವರನ್ನು ಆರಂಭಕಾಲದ ವ್ಯಾಖ್ಯಾನಕಾರ ಮುಜಾಹಿದ್ ಇದೇ ವರ್ಗದಲ್ಲಿ ಎಣಿಸಿದ್ದಾರೆ. ವರ್ಷ ತುಂಬುವ ಮೊದಲೇ ಝಕಾತ್ ಕೊಡಲೂ ಬಹುತೇಕ ವಿದ್ವಾಂಸರ ಒಪ್ಪಿಗೆಯಿದೆ, ಆದ್ದರಿಂದ ರಮಝಾನಿಗೆ ಕಾಯಬೇಕಾಗಿಲ್ಲ.

ಕೊಡುವ ವಸ್ತುವಿನ ಬಗ್ಗೆಯೂ ಒಂದು ಮಾತು. 2018ರಲ್ಲಿ ನಾನು ಹೋಗಿದ್ದ ಕೇಂದ್ರವೊಂದರ ಜಗಲಿಯಲ್ಲಿ ಹಳೆಬಟ್ಟೆಯ ರಾಶಿ ಸೊಂಟದೆತ್ತರ ಬಿದ್ದಿತ್ತು. ಗುಂಡಿ ಕಿತ್ತ ಅಂಗಿಗಳು, ಜಿಪ್ ಕೆಟ್ಟ ಪ್ಯಾಂಟುಗಳು, ಜರಿ ಕಪ್ಪಾದ ಒಂದು ಮದುವೆ ರವಿಕೆ ಅದರಲ್ಲಿದ್ದವು. ಒಬ್ಬ ಹೆಂಗಸು ಅರ್ಧಗಂಟೆ ಕೆದಕಿ, ಮಗುವಿಗೊಂದು ಸ್ವೆಟರ್ ಸಿಗದೆ ಎದ್ದುಹೋದರು. ಕಣ್ಣು ಮುಚ್ಚಿಕೊಂಡಲ್ಲದೆ ನೀವೇ ಸ್ವೀಕರಿಸದಂಥ ಕೀಳು ವಸ್ತುವನ್ನು ದಾನಕ್ಕೆ ಆರಿಸಬೇಡಿ ಎನ್ನುತ್ತದೆ ಕುರ್‌ಆನ್ (2:267).

ಇನ್ನು ನಿಮ್ಮ ಮೆಣಸಿನ ಹಣ. ಮೂರರಲ್ಲಿ ನಿಮ್ಮ ಹೊಣೆಗೆ ನೇರವಾಗಿ ಸೇರಿದ ಪ್ರಶ್ನೆ ಇದೇ. ಫಲ ಬಲಿತ ಲಕ್ಷಣ ಕಾಣುವ ಮೊದಲು ಮಾರುವುದನ್ನು ಪ್ರವಾದಿಯವರು ತಡೆದಿದ್ದಾರೆ. ಅಲ್ಲಾಹನು ಫಲವನ್ನೇ ತಡೆಹಿಡಿದರೆ ನಿಮ್ಮ ಸಹೋದರನ ಹಣವನ್ನು ಯಾವುದರ ಬದಲಿಗೆ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಯೂ ಆ ಹದೀಸಿನಲ್ಲಿದೆ. ಜುಲೈನ ಕರಿಮೆಣಸು ಎಳೆ ಕದಿರು. ಕೂಡಲೇ ಕೊಯ್ಯುವ ಷರತ್ತಿಲ್ಲದೆ ಅದನ್ನು ಮಾರಿದರೆ, ಕೊಡಗು ಮತ್ತು ಕರಾವಳಿಯ ಬಹಳಷ್ಟು ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ (ಧರ್ಮಶಾಸ್ತ್ರದ ಪಂಥದಲ್ಲಿ) ಆ ಮಾರಾಟವೇ ಅಸಿಂಧು. ಬಲಿತ ಮೇಲೆ ಮಾರಿ, ಕೊಯ್ಲಿಗೆ ಮುನ್ನ ವಿಪತ್ತಿನಲ್ಲಿ ನಾಶವಾಗಿದ್ದರೆ ಮಾತು ಬೇರೆ: ನಷ್ಟವನ್ನು ಬಿಟ್ಟುಕೊಡುವುದು ಕಡ್ಡಾಯವೋ ಉತ್ತಮವೋ ಎಂಬಲ್ಲಿ ಮದ್‌ಹಬುಗಳು ಬೇರೆಯಾಗುತ್ತವೆ, ಮಾಲಿಕೀ ಮದ್‌ಹಬಿನವರು ಮೂರನೇ ಒಂದು ಪಾಲಿನಷ್ಟು ನಾಶವಾಗಿದ್ದರೆ ಕಡ್ಡಾಯವೆನ್ನುತ್ತಾರೆ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಆ ಹಣ ಗುತ್ತಿಗೆದಾರರದು, ಅವರು ಇಲ್ಲವಾಗಿದ್ದರೆ ಅವರ ವಾರಸುದಾರರದು. ಒಮ್ಮೆಗೇ ಹಿಂದಿರುಗಿಸಲಾಗದಿದ್ದರೆ ಅವರೊಂದಿಗೆ ಕೂತು ಕಂತು ಗೊತ್ತುಮಾಡಿಕೊಳ್ಳಿ. ನೀವೂ ತೋಟ ಕಳೆದುಕೊಂಡವರು. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬ ವಚನವನ್ನು (2:280) ಅವರ ಮುಂದಿಡುವ ಹಕ್ಕು ನಿಮಗಿದೆ.