ಮ್ಯೂನಿಕ್‌ನಿಂದ ರೈಲು ಹತ್ತುವ ಮುಂಚೆ

ಮ್ಯೂನಿಕ್‌ಗೆ ಕೆಲಸಕ್ಕೆ ಬಂದು ಸ್ವಲ್ಪ ದಿನವಾಗಿದೆ, ಬೇಸಿಗೆಯಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ, ಅವರನ್ನು ಸಾಲ್ಸ್‌ಬರ್ಗ್, ವಿಯೆನ್ನಾ, ಪ್ರಾಗ್, ಪ್ಯಾರಿಸ್‌ಗೆ ರೈಲಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ಬರೆದಿದ್ದೀರಿ. ನಮ್ಮ ಐಆರ್‌ಸಿಟಿಸಿ ತರಹ ಎಲ್ಲ ಟಿಕೆಟ್ ಒಂದೇ ಕಡೆ ಸಿಗುವ ಆ್ಯಪ್ ಯಾವುದು ಅಂತ ಕೇಳಿದ್ದೀರಿ.

ಅಂಥದ್ದೊಂದು ಆ್ಯಪ್ ಇಲ್ಲ. ಇಲ್ಲಿ ಒಂದೊಂದು ದೇಶಕ್ಕೆ ಒಂದೊಂದು ರೈಲ್ವೆ. ಕೆಲವು ಕಡೆ ಒಂದೇ ಹಳಿಯ ಮೇಲೆ ಎರಡು ಮೂರು ಕಂಪನಿಯ ರೈಲು ಓಡುತ್ತವೆ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಈ ರೈಲು ಯಾರದ್ದು? ಈ ಟಿಕೆಟ್ ಆ ಒಂದು ರೈಲಿಗೆ ಮಾತ್ರವೇ, ಅಥವಾ ಹಿಂದಿನ ಮುಂದಿನ ರೈಲಿಗೂ ನಡೆಯುತ್ತದೆಯೇ? ಇವು ಗೊತ್ತಾದರೆ ಅರ್ಧ ತಲೆನೋವು ಕಡಿಮೆ.

ಮೊದಲು ಜರ್ಮನಿಯ ಒಳಗಿನ ಮಾತು. ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಇಡೀ ಜರ್ಮನಿಗೆ ನಡೆಯುವ ತಿಂಗಳ ಪಾಸ್, ಇದೆಯಾ? ಇಲ್ಲದಿದ್ದರೆ ಆಫೀಸಿನಲ್ಲಿ ಕೇಳಿ, ಕೆಲವು ಕಂಪನಿಗಳು ಅದರ ಸ್ವಲ್ಪ ದುಡ್ಡು ತಾವೇ ಕೊಡುತ್ತವೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ ಆಗಿದೆ. ಬಸ್ಸು, ಟ್ರಾಮ್, ಊ-ಬಾನ್ (ಮೆಟ್ರೋ), ಎಸ್-ಬಾನ್ (ಉಪನಗರ ರೈಲು), ಆರ್‌ಬಿ ಮತ್ತು ಆರ್‌ಇ ಎಂಬ ಪ್ರಾದೇಶಿಕ ರೈಲು, ಎಲ್ಲದರಲ್ಲೂ ನಡೆಯುತ್ತದೆ. ಐಸಿಇ, ಐಸಿ, ಇಸಿ ಎಂಬ ದೂರದ ರೈಲಿನಲ್ಲಿ ನಡೆಯುವುದಿಲ್ಲ. ಇದು ಚಂದಾ ಲೆಕ್ಕದ್ದು, ತಾನಾಗಿ ಮುಂದುವರಿಯುತ್ತದೆ. ಮುಂದಿನ ತಿಂಗಳಿಗೆ ಬೇಡವೆಂದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

ಇದೇ ಟಿಕೆಟ್‌ನಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಸ್ಟೇಷನ್ ತನಕ ಹೋಗಬಹುದು. ಅಪ್ಪ ಅಮ್ಮನಿಗೆ ಒಂದು ಬಯರ್ನ್ ಟಿಕೆಟ್ ತೆಗೆದುಕೊಳ್ಳಿ. ಮ್ಯೂನಿಕ್ ಇರುವ ಬಯರ್ನ್ ರಾಜ್ಯದ ಒಂದು ದಿನದ ಟಿಕೆಟ್ ಅದು, ಐದು ಜನರ ತನಕ ಸೇರಿಸಬಹುದು, ಸಾಲ್ಸ್‌ಬರ್ಗ್‌ಗೂ ನಡೆಯುತ್ತದೆ. ವಾರದ ದಿನ ಬೆಳಿಗ್ಗೆ 9ರ ನಂತರ ಮಾತ್ರ, ಶನಿವಾರ ಭಾನುವಾರ ಬೆಳಿಗ್ಗೆ ಬೇಗ ಹೊರಟರೂ ಆಗುತ್ತದೆ. ಮ್ಯೂನಿಕ್‌ನಿಂದ ಹೊರಡುವ ಬಿಆರ್‌ಬಿ ಎಂಬ ಕಂಪನಿಯ ಪ್ರಾದೇಶಿಕ ರೈಲು ಹತ್ತಿ. ಅದೇ ದಾರಿಯಲ್ಲಿ ಆಸ್ಟ್ರಿಯಾ ರೈಲ್ವೆಯ ವೇಗದ ರೈಲು ರೈಲ್‌ಜೆಟ್ ಕೂಡ ಓಡುತ್ತದೆ, ಅದಕ್ಕೆ ಈ ಎರಡು ಟಿಕೆಟೂ ಆಗುವುದಿಲ್ಲ. ಬೋರ್ಡಿನಲ್ಲಿ ಎರಡಕ್ಕೂ ಸಾಲ್ಸ್‌ಬರ್ಗ್ ಹೆಸರು ಕಾಣಬಹುದು, ಹಾಗಾಗಿ ರೈಲಿನ ಹೆಸರನ್ನೂ ಓದಿ.

ದೂರದ ರೈಲಿಗೆ ಜರ್ಮನ್ ರೈಲ್ವೆಯ, ಅಂದರೆ ಡಿಬಿಯ, ಡಿಬಿ ನ್ಯಾವಿಗೇಟರ್ ಆ್ಯಪ್ ಇರಲಿ. ಊರಿನಲ್ಲಿ ಸಾಮಾನ್ಯವಾಗಿ ದೂರ ಮತ್ತು ಕ್ಲಾಸ್ ನೋಡಿ ದರ ಹೇಳುತ್ತಾರೆ. ಇಲ್ಲಿ ಅದೇ ಸೀಟಿಗೆ ಇವತ್ತು ಒಂದು ರೇಟು, ಮುಂದಿನ ವಾರ ಇನ್ನೊಂದು. ಸೂಪರ್ ಶ್ಪಾರ್‌ಪ್ರೈಸ್ ಎಂಬ ಟಿಕೆಟ್ ಎಲ್ಲಕ್ಕಿಂತ ಅಗ್ಗ, ಆದರೆ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ. ಶ್ಪಾರ್‌ಪ್ರೈಸ್ ರದ್ದು ಮಾಡಿದರೆ ಸ್ವಲ್ಪ ಹಿಡಿದುಕೊಂಡು ಉಳಿದದ್ದನ್ನು ಕೂಪನ್ ಆಗಿ ಕೊಡುತ್ತಾರೆ. ಇವೆರಡೂ ಬುಕ್ ಮಾಡಿದ ರೈಲಿನಲ್ಲಿ ಮಾತ್ರ ನಡೆಯುವ ಟಿಕೆಟ್. ಫ್ಲೆಕ್ಸ್‌ಪ್ರೈಸ್ ದುಬಾರಿ, ಆದರೆ ಆ ದಿನದ ಯಾವ ರೈಲನ್ನಾದರೂ ಹತ್ತಬಹುದು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಐದಾರು ಯೂರೋ ಜಾಸ್ತಿ ಆದರೂ ನಾನಾಗಿದ್ದರೆ ಶ್ಪಾರ್‌ಪ್ರೈಸ್ ತೆಗೆದುಕೊಳ್ಳುತ್ತೇನೆ. ಒಬ್ಬರಿಗೆ ಜ್ವರ ಬಂದರೂ ಪ್ಲಾನ್ ಬದಲಾಗುತ್ತದೆ, ಅಲ್ವಾ?

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ವೇಟಿಂಗ್ ಲಿಸ್ಟ್ ಇಲ್ಲ, ಚಾರ್ಟ್ ಇಲ್ಲ. ಐಸಿಇ ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಇದೆ ಅಂತಲ್ಲ. ಸೀಟು ಬೇಕಾದರೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಬೇಕು. ನೀವೊಬ್ಬರೇ ಆದರೆ ಬಿಡಿ. ಅಪ್ಪ ಅಮ್ಮ ಜೊತೆಗಿದ್ದರೆ ದಯವಿಟ್ಟು ಮಾಡಿಸಿ. ಶುಕ್ರವಾರ ಸಂಜೆ ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತು ಬರುವವರನ್ನು ನೋಡಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಈಗ ಗಡಿ ದಾಟುವ ಟಿಕೆಟ್. ವಿಯೆನ್ನಾಗೆ ರೈಲ್‌ಜೆಟ್‌ನಲ್ಲಿ ಸುಮಾರು ನಾಲ್ಕು ಗಂಟೆ. ಡಿಬಿ ಆ್ಯಪ್‌ನಲ್ಲೂ ಟಿಕೆಟ್ ಸಿಗುತ್ತದೆ. ಆದರೆ ಆಸ್ಟ್ರಿಯಾ ರೈಲ್ವೆಯ, ಅಂದರೆ ಓಬಿಬಿಯ, ಆ್ಯಪ್‌ನಲ್ಲಿ ಶ್ಪಾರ್‌ಶೀನೆ ಎಂಬ ಅಗ್ಗದ ದರವನ್ನೂ ನೋಡಿ. ಅದೇ ರೈಲು ಅಲ್ಲಿ ಕಡಿಮೆಗೆ ಸಿಕ್ಕರೆ ಆಶ್ಚರ್ಯವಿಲ್ಲ. ಅದೇ ದಾರಿಯಲ್ಲಿ ವೆಸ್ಟ್‌ಬಾನ್ ಎಂಬ ಖಾಸಗಿ ಕಂಪನಿಯ ರೈಲೂ ಇದೆ. ಚೆನ್ನಾಗಿಯೇ ಇದೆ, ಆದರೆ ಓಬಿಬಿ ಟಿಕೆಟ್ ಹಿಡಿದುಕೊಂಡು ಅದನ್ನು ಹತ್ತಬೇಡಿ.

ಪ್ರಾಗ್‌ಗೆ ಮ್ಯೂನಿಕ್‌ನಿಂದ ನೇರ ರೈಲು ಇದೆ. ಜರ್ಮನಿಯ ಒಳಗೆ ಅದು ಪ್ರಾದೇಶಿಕ ರೈಲಿನ ಲೆಕ್ಕ. ಹಾಗಾಗಿ ಗಡಿಯ ಫುರ್ಟ್ ಇಮ್ ವಾಲ್ಡ್ ತನಕ ನಿಮ್ಮ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. ಅಲ್ಲಿಂದಾಚೆಗೆ ಮಾತ್ರ ಚೆಕ್ ರೈಲ್ವೆಯ ಆ್ಯಪ್‌ನಲ್ಲಿ ಟಿಕೆಟ್ ತೆಗೆಯಿರಿ. ರೈಲು ಒಂದೇ, ಇಳಿದು ಹತ್ತುವ ಕೆಲಸವೂ ಇಲ್ಲ.

ಪ್ಯಾರಿಸ್‌ ಲೆಕ್ಕ ಬೇರೆ. ಫ್ರಾನ್ಸಿನ ವೇಗದ ರೈಲು ಟಿಜಿವಿಯಲ್ಲಿ ಸೀಟು ಕಾಯ್ದಿರಿಸುವುದು ಕಡ್ಡಾಯ, ಟಿಕೆಟ್‌ನಲ್ಲೇ ಸೇರಿರುತ್ತದೆ. ಹೆಚ್ಚಿನ ರೈಲಿಗೆ ಸ್ಟುಟ್‌ಗಾರ್ಟ್ ಅಥವಾ ಇನ್ನೊಂದು ಕಡೆ ಇಳಿದು ಬದಲಾಯಿಸಬೇಕು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ: ನಡುವೆ ರೈಲು ಬದಲಾಯಿಸುವ ಪ್ರಯಾಣವನ್ನು ಹೊರಟ ಊರಿನಿಂದ ಸೇರುವ ಊರಿನ ತನಕ ಒಂದೇ ಬುಕಿಂಗ್‌ನಲ್ಲಿ ಮಾಡಿ. ಮ್ಯೂನಿಕ್‌ನಿಂದ ಸ್ಟುಟ್‌ಗಾರ್ಟ್‌ಗೆ ಒಂದು ಅಗ್ಗದ ಟಿಕೆಟ್, ಅಲ್ಲಿಂದ ಪ್ಯಾರಿಸ್‌ಗೆ ಇನ್ನೊಂದು ಅಂತ ತೆಗೆದುಕೊಂಡರೆ ಕೆಲವೊಮ್ಮೆ ದುಡ್ಡು ಉಳಿಯುತ್ತದೆ. ಆದರೆ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ ನಿಮ್ಮ ಜೇಬಿನಿಂದಲೇ. ಇದು ಅಪರೂಪದ ಮಾತಲ್ಲ. 2024ರಲ್ಲಿ ಡಿಬಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು 62.5 ಪ್ರತಿಶತ ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ಸಮಯಕ್ಕೆ ಸರಿಯಾಗಿ ಬಂದಂತೆ ಎಣಿಸಿ!

ಒಂದೇ ಟಿಕೆಟ್ ಆದರೆ ನಿಮ್ಮನ್ನು ಮುಂದಿನ ರೈಲಿನಲ್ಲಿ ಊರು ಮುಟ್ಟಿಸುವುದು ಅವರ ಜವಾಬ್ದಾರಿ. ಸೇರುವ ಊರಿಗೆ 20 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ತಡ ಅಂತ ಕಂಡರೆ ಡಿಬಿಯ ಅಗ್ಗದ ಟಿಕೆಟ್‌ನಲ್ಲೂ ಬುಕ್ ಮಾಡಿದ ರೈಲನ್ನೇ ಹತ್ತಬೇಕೆಂಬ ಕಟ್ಟು ಇರುವುದಿಲ್ಲ, ಬೇರೆ ರೈಲು ಹತ್ತಬಹುದು. ಆದರೂ ಟಿಜಿವಿಗೆ ಸುಮ್ನೆ ಹತ್ತಬೇಡಿ, ಅಲ್ಲಿ ಸೀಟು ಕಡ್ಡಾಯ. ಸ್ಟೇಷನ್ನಿನ ರೈಸೆತ್ಸೆಂಟ್ರುಮ್ ಕೌಂಟರಿಗೆ ಹೋಗಿ ಟಿಕೆಟ್ ಬದಲಾಯಿಸಿಕೊಳ್ಳಿ. ಗಂಟೆ ತಡವಾದರೆ ಟಿಕೆಟ್ ದರದ 25 ಪ್ರತಿಶತ, ಎರಡು ಗಂಟೆ ತಡವಾದರೆ 50 ಪ್ರತಿಶತ ವಾಪಸ್ ಕೇಳಬಹುದು. ಇದು ಯುರೋಪಿನ ಕಾನೂನು, ಯಾರ ದಯೆಯೂ ಅಲ್ಲ. ಡಿಬಿಯಲ್ಲಿ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ಆ್ಯಪ್‌ನಲ್ಲೇ ಆಗುತ್ತದೆ. ನಮ್ಮವರು ಬಹಳ ಜನ ಇದನ್ನು ಕೇಳುವುದೇ ಇಲ್ಲ. ನೀವು ಕೇಳಿ.

ಬುಕ್ ಮಾಡುವಾಗ ಆ್ಯಪ್ ಏಳೆಂಟು ನಿಮಿಷದ ಬದಲಾವಣೆ ತೋರಿಸಿದರೆ ನಂಬಬೇಡಿ. ಸೂಟ್‌ಕೇಸ್ ಇಟ್ಟುಕೊಂಡು, ಮಂಡಿ ನೋವಿನವರನ್ನು ಕರೆದುಕೊಂಡು ಪ್ಲಾಟ್‌ಫಾರ್ಮ್ ಬದಲಾಯಿಸಲು ಅರ್ಧ ಗಂಟೆ ಬೇಕು. ಹುಡುಕುವಾಗಲೇ ಬದಲಾವಣೆಯ ಸಮಯ ಹೆಚ್ಚಿಸುವ ಆಯ್ಕೆ ಇದೆ.

ಹಲವು ದೇಶಗಳ ರೈಲಿಗೆ ನಡೆಯುವ ಪಾಸ್ ಬಗ್ಗೆಯೂ ಕೇಳಿದ್ದೀರಿ. ಇಂಟರ್‌ರೈಲ್ ಯುರೋಪಿನಲ್ಲಿ ವಾಸ ಇರುವವರಿಗೆ, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ. ಹಾಗಾಗಿ ನಿಮಗೆ ಅದು. ಊರಿನಿಂದ ಬರುವ ಅಪ್ಪ ಅಮ್ಮನಿಗೆ ಯೂರೈಲ್. ನಿಮ್ಮ ಈ ನಾಲ್ಕು ಊರಿಗೆ ಪಾಸ್ ಬೇಡ ಅಂತ ನನ್ನ ಅನಿಸಿಕೆ. ಪಾಸ್ ಇದ್ದರೂ ಟಿಜಿವಿ ಸೀಟಿಗೆ ಬೇರೆ ದುಡ್ಡು ಕೊಡಬೇಕು.

ಮೂವರ ಪಾಸ್‌ಪೋರ್ಟ್, ನಿಮ್ಮ ರೆಸಿಡೆನ್ಸ್ ಪರ್ಮಿಟ್ ಕೈಚೀಲದಲ್ಲೇ ಇರಲಿ. ಸಾಮಾನ್ಯವಾಗಿ ಗಡಿ ತಪಾಸಣೆ ಇಲ್ಲದ ಷೆಂಗೆನ್ ದೇಶಗಳ ಒಳಗೇ ಇದ್ದರೂ 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ. ಸಾಲ್ಸ್‌ಬರ್ಗ್‌ನಿಂದ ವಾಪಸ್ ಬರುವಾಗ ಪೊಲೀಸರು ರೈಲು ಹತ್ತಿ ಕೇಳಬಹುದು. ಗಾಬರಿ ಬೇಡ, ತೋರಿಸಿದರೆ ಆಯಿತು. ಪ್ಯಾರಿಸ್‌ನಿಂದ ಲಂಡನ್‌ಗೂ ಹೋಗಿಬರೋಣ ಅನ್ನಿಸಿದರೆ ಅದಕ್ಕೆ ಬ್ರಿಟನ್ ವೀಸಾ ಬೇರೆಯೇ ಬೇಕು.

ತಾರೀಖು ಖಚಿತವಾದ ತಕ್ಷಣ ಮೊದಲು ಪ್ಯಾರಿಸ್ ಬುಕ್ ಮಾಡಿ, ಆಮೇಲೆ ವಿಯೆನ್ನಾ. ಸಾಲ್ಸ್‌ಬರ್ಗ್ ಟಿಕೆಟ್‌ನ ರೇಟು ದಿನದಿಂದ ದಿನಕ್ಕೆ ಏರುವುದಿಲ್ಲ, ಬೆಳಿಗ್ಗೆ ಎದ್ದು ಬಿಸಿಲು ನೋಡಿಯೇ ತೆಗೆದುಕೊಳ್ಳಬಹುದು.