ಮಳೆ ಬಂದಾಗಲೆಲ್ಲ ನಮ್ಮ ರಸ್ತೆಯ ಮ್ಯಾನ್‌ಹೋಲ್ ಉಕ್ಕುತ್ತದೆ. ಯಾಕೆ, ತಡೆಯೋದು ಹೇಗೆ?

ಬೆಂಗಳೂರಿನಲ್ಲಿ ಮಳೆನೀರಿನ ದಾರಿ ಬೇರೆ, ಒಳಚರಂಡಿಯ ದಾರಿ ಬೇರೆ. ಮಳೆನೀರು ಮೋರಿ ಹಿಡಿದು ರಾಜಕಾಲುವೆ ಸೇರಬೇಕು. ಬಚ್ಚಲು, ಟಾಯ್ಲೆಟ್ ನೀರು ಜಲಮಂಡಳಿ ಪೈಪಿನಲ್ಲಿ ಎಸ್‌ಟಿಪಿಗೆ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕಕ್ಕೆ ಹೋಗಬೇಕು. ಕಾಗದದ ಮೇಲೆ ಹಾಗೇ ಇದೆ! ಆದರೆ ಎಷ್ಟೋ ಮನೆಗಳಲ್ಲಿ ತಾರಸಿ ಪೈಪನ್ನು ಸುಮ್ನೆ ಒಳಚರಂಡಿ ಚೇಂಬರಿಗೆ ಬಿಟ್ಟಿರುತ್ತಾರೆ.

ಲೆಕ್ಕ ಹಾಕಿ ನೋಡಿ. 100 ಚದರ ಮೀಟರ್ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಐದು ಜನರ ಮನೆ ಒಂದು ವಾರದಲ್ಲಿ ಬಿಡುವ ಕೊಳಚೆಗಿಂತ ಜಾಸ್ತಿ, ಅದೂ ಒಂದೆರಡು ಗಂಟೆಯಲ್ಲಿ. ಪೈಪ್ ಉಕ್ಕದೆ ಇನ್ನೇನು ಮಾಡೀತು? ಮೊದಲು ಆ ಪೈಪನ್ನು ಇಂಗುಗುಂಡಿಗೆ ತಿರುಗಿಸಿ. ನೀವೊಬ್ಬರೇ ಮಾಡಿದರೆ ಸಾಲದು, ಇಡೀ ಬೀದಿಯವರು ಮಾಡಬೇಕು.

ಮಳೆಯಿಲ್ಲದ ದಿನವೂ ಉಕ್ಕಿದರೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಹೋಟೆಲ್ ಜಿಡ್ಡು, ಬಟ್ಟೆ, ಪ್ಯಾಡ್, ಹೂಳು ಏನಾದರೂ ಇರಬಹುದು. ಜಲಮಂಡಳಿಯವರು ತೆರೆದು ನೋಡಿದಾಗ ಒಂದು ಮ್ಯಾನ್‌ಹೋಲ್ ತುಂಬಿದ್ದು, ನೀರು ಹರಿಯುವ ದಿಕ್ಕಿನಲ್ಲಿ ಅದರ ಮುಂದಿನದು ಖಾಲಿ ಇದ್ದರೆ ಅಡ್ಡಿ ಇರುವುದು ಆ ಎರಡರ ನಡುವೆ. ನೀವು ಮುಚ್ಚಳ ತೆಗೆಯಬೇಡಿ, ಯಾರನ್ನೂ ಇಳಿಸಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಗಾಳಿ ಜೀವ ತೆಗೆಯುತ್ತದೆ. ಹಾಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಲ್ಲಿ ಅಪರಾಧ ಕೂಡ. ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಜೋರಾಗಿ ನೀರು ಚಿಮ್ಮಿಸಿ ಪೈಪ್ ತೊಳೆಯುವ ಜೆಟ್ಟಿಂಗ್ ಮಷಿನ್ ಕೇಳಿ.

ಎಲ್ಲ ಪೈಪನ್ನೂ ಒಂದೇ ಸಮ ತೊಳೆಯುವುದು ಆಗದ ಮಾತು. ಪದೇ ಪದೇ ಕಟ್ಟುವ, ಉಕ್ಕಿದರೆ ಕೆರೆಗೋ ಆಸ್ಪತ್ರೆ ಅಂಗಳಕ್ಕೋ ನುಗ್ಗುವ ಪೈಪುಗಳು ಮಳೆಗಾಲಕ್ಕೆ ಮುಂಚೆಯೇ ಕ್ಲೀನ್ ಆಗಬೇಕು. ಕೊಳಚೆಯನ್ನು ಮೇಲೆತ್ತುವ ಪಂಪಿಂಗ್ ಸ್ಟೇಷನ್ನಿನಲ್ಲಿ ಇನ್ನೊಂದು ಪಂಪು, ಜನರೇಟರ್ ಇರಲೇಬೇಕು, ಕರೆಂಟ್ ಹೋಗುವುದೇ ಜೋರು ಮಳೆಯಲ್ಲಿ ಅಲ್ವಾ?

ನಿಮ್ಮ ಬಚ್ಚಲು ರಸ್ತೆಗಿಂತ ತಗ್ಗಿನಲ್ಲಿದ್ದರೆ ಕೊಳಚೆ ಮನೆಯೊಳಗೆ ವಾಪಸ್ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿಸಿ. ಅದು ಮುಚ್ಚಿಕೊಂಡಾಗ ಮಾತ್ರ ಮನೆಯಲ್ಲಿ ನೀರು ಬಿಡಬೇಡಿ, ನಿಮ್ಮದೇ ನೀರು ಒಳಗೆ ನಿಲ್ಲುತ್ತದೆ.