ಸುಮ್ಮನೆ ಕೂರುವ ಕೆಲಸ

‘ಪರೀಕ್ಷೆಗೆ ಓದುವಾಗ ನನ್ನ ಮಗಳು ಯಾರೋ ಅಪರಿಚಿತೆ ಓದುತ್ತಾ ಕೂತಿರುವ ನೇರಪ್ರಸಾರ ಹಾಕಿಕೊಳ್ಳುತ್ತಾಳೆ. ಅದರಲ್ಲಿ ಮಾತಿಲ್ಲ, ಪಾಠವಿಲ್ಲ. ಹೀಗೆ ಸುಮ್ಮನೆ ಕೂತವರಿಗೂ ಜನ ದುಡ್ಡು ಕೊಡುತ್ತಾರಂತೆ. ಇದೂ ಒಂದು ಕೆಲಸವೇ?’
– ಓದುಗರೊಬ್ಬರು

ಕೆಲಸವೇ, ಸ್ವಾಮಿ. ಪುಟ ಮಗುಚುತ್ತಾ ಓದಿದಂತೆ ನಟಿಸುವವರೂ ಇದ್ದಾರೆ, ಒಪ್ಪಿದೆ. ಅವರನ್ನು ಬಿಡಿ.

‘ಸುಮ್ಮನೆ’ ಎಂದಿರಲ್ಲ, ಆ ಪದ ಕಂಡರೆ ನನಗಾಗದು. ಒಂದು ಭಾನುವಾರ ನಾನೂ ಇಂಥದ್ದೊಂದನ್ನು ನಾಲ್ಕು ತಾಸು ನೋಡಿದೆ. 25 ನಿಮಿಷ ಓದು, 5 ನಿಮಿಷ ಬಿಡುವು: ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೇಟೊ ಆಕಾರದ ಅಡುಗೆಮನೆ ಟೈಮರ್ ಮುಂದಿಟ್ಟುಕೊಂಡು ಕಟ್ಟಿದ ಪೊಮೊಡೊರೊ (ಅವರ ಭಾಷೆಯಲ್ಲಿ ಟೊಮೇಟೊ) ಲೆಕ್ಕ. ಬಿಡುವಿನಲ್ಲಿ ನಾನು ಎದ್ದು ಕೈಕಾಲು ಆಡಿಸಿದೆ. ಆಕೆಗೆ ದುಡಿಮೆ ಶುರುವಾಗುವುದೇ ಆಗ. ಚಾಟ್‌ನಲ್ಲಿ ನಾಲಿಗೆ ಹರಿಬಿಟ್ಟವನನ್ನು ಹೊರಗಟ್ಟಬೇಕು, ‘ನಾಳೆ ಪರೀಕ್ಷೆ, ಭಯ’ ಎಂದವಳಿಗೆ ಎರಡು ಸಾಲು ಬರೆಯಬೇಕು, ಹೊತ್ತಿಳಿದಂತೆ ದೀಪ ಸರಿಸಬೇಕು. ಮೂರನೇ ತಾಸಿನಲ್ಲಿ ಆಕೆಯ ಮೂಗಿನ ಮೇಲೊಂದು ನೊಣ ಕೂತಿತು. ಓಡಿಸಲಿಲ್ಲ; ಪೆನ್ನಿನ ತುದಿ ಮಾತ್ರ ಒಂದು ಕ್ಷಣ ನಿಂತು ಮುಂದೆ ಹೋಯಿತು.

ಹಿನ್ನೆಲೆ ಸಂಗೀತದ ತಲೆನೋವು ಬೇರೆ. ಎರಡು ವರ್ಷಕ್ಕೂ ಮೀರಿ ಎಡೆಬಿಡದೆ ನಡೆದಿದ್ದ, ಓದುವವರಿಗೆಂದು ಮೆಲುಸಂಗೀತ ಹಾಕುವ ಯೂಟ್ಯೂಬ್‌ನ ‘ಲೋಫೈ ಗರ್ಲ್’ ಪ್ರಸಾರ 2022ರ ಜುಲೈನಲ್ಲಿ ಒಂದು ಸುಳ್ಳು ಹಕ್ಕುಸ್ವಾಮ್ಯದ ದೂರಿಗೆ ನಿಂತುಹೋಯಿತು. ಅಲ್ಲಿ ಓದುತ್ತಿದ್ದವಳಾದರೂ ಚಿತ್ರದ ಹುಡುಗಿ, ನೊಣದ ಕಾಟವಿಲ್ಲ.

ಇನ್ನೊಂದು ಸಂಗತಿ. ಪಕ್ಕದಲ್ಲಿ ಜನರಿದ್ದರೆ ರೂಢಿಯಾದ ಕೆಲಸ ಚುರುಕಾಗುತ್ತದೆ, ಹೊಸದಾಗಿ ಕಲಿಯುವುದು ಕುಂಟುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1965ರಲ್ಲೇ ವಾದಿಸಿದ್ದರು. ಆ ಮಾತು ಹಿಡಿದರೆ, ನಿಮ್ಮ ಮಗಳಿಗೆ ಸಿಗುವುದು ಜೊತೆ. ಕ್ಯಾಮೆರಾ ಮುಂದೆ ಹೊಸ ಪಾಠ ಬಿಡಿಸುತ್ತಾ ಕೂತವಳ ಮೇಲೆ ಬೀಳುವುದು ನೂರಾರು ಕಣ್ಣುಗಳ ಭಾರ. ದುಡ್ಡು ಕೊಟ್ಟರೆ ತಪ್ಪೇನು?

ನನಗೆ ಸಿಟ್ಟು ಬರಲು ಕಾರಣ ನಮ್ಮ ಕಚೇರಿಯಲ್ಲೇ ಇದೆ. ಇಲ್ಲೊಬ್ಬರು ಕರಡು ತಿದ್ದುತ್ತಾರೆ. ಒಂದು ಒತ್ತಕ್ಷರ ತಪ್ಪಿದರೆ ನಿಮ್ಮಂಥವರ ಪತ್ರಗಳ ಸುರಿಮಳೆ. ತಪ್ಪಿಲ್ಲದ ಸಂಚಿಕೆಗೆ ಈವರೆಗೆ ಒಂದು ಸಾಲೂ ಬಂದಿಲ್ಲ. ಮೊನ್ನೆ ಲೆಕ್ಕಪತ್ರ ನೋಡುವವರು ನನ್ನನ್ನು ಪಕ್ಕಕ್ಕೆ ಕರೆದು, ‘ಇವರು ದಿನವಿಡೀ ಸುಮ್ಮನೆ ಓದ್ತಾ ಕೂತಿರ್ತಾರಲ್ಲ, ಬೇಕಾ?’ ಎಂದರು.

ನಿಮ್ಮ ಪತ್ರವೂ ಅವರ ಕೈ ದಾಟಿಯೇ ಇಲ್ಲಿ ಅಚ್ಚಾಗಿದೆ. ನೀವು ಬರೆದಿದ್ದದ್ದು ‘ಪರಿಕ್ಷೆ’, ‘ಅಪರೀಚಿತೆ’.

– ಸಂ.